ಬುರುಜು ಬಿದ್ದ ವಾರ

ಆ ಹುಡುಗನ ಬಲಗೈಗೆ ಪಟ್ಟಿ ಕಟ್ಟಿತ್ತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ, ಅಂಚಿನಲ್ಲಿ ಔಷಧದ ಹಳದಿ ಕಲೆ. ಕೊನೆಯ ಬೆಂಚಿನಲ್ಲಿ ಕೂತಿದ್ದ. ಗೀತೆ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು, ಹಾಳೆಯನ್ನು ಗದ್ದದಿಂದ ಒತ್ತಿ ತಿರುಗಿಸುತ್ತಿದ್ದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅದು 2024ರ ಮೇ 19. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದು ಬಂದದ್ದನ್ನು ನೆನೆಯುವ ಪಂಚಾಶತ್ತಮ ಭಾನುವಾರ. ಮುಂಬೈಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯಲ್ಲಿ ಅವತ್ತು ಜನ ಜಾಸ್ತಿ. ಬಲಿಪೀಠಕ್ಕೆ ಕೆಂಪು ಬಟ್ಟೆ ಹಾಸಿದ್ದೆವು. ಸಂಡೇ ಸ್ಕೂಲಿನ ಮಕ್ಕಳು ಬೆಂಕಿಯ ನಾಲಿಗೆಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರು. ಅವರಿಗೆ ಕಲಿಸುವವಳು ನಾನೇ.

ಅದಕ್ಕೆ ಆರು ದಿನ ಮೊದಲು, ಸೋಮವಾರ ಸಂಜೆ ನಾಲ್ಕೂವರೆ ಹೊತ್ತಿಗೆ, ಘಾಟ್ಕೋಪರದ ಛೇಡಾ ನಗರದಲ್ಲಿ ಹೋರ್ಡಿಂಗ್ ಬಿದ್ದಿತ್ತು. ನಿಮಗೆಲ್ಲ ನೆನಪಿದೆ ಅಲ್ವಾ? ಮೊದಲು ಧೂಳಿನ ಗಾಳಿ ಎದ್ದಿತು. ಹಗಲಲ್ಲೇ ಕತ್ತಲೆ. ಆಮೇಲೆ ಮಳೆ. ಬೈಕಿನವರು, ರಿಕ್ಷಾದವರು, ಕಾರಿನವರು ಪೆಟ್ರೋಲ್ ಪಂಪಿನ ಚಾವಣಿಯ ಕೆಳಗೆ ನಿಂತರು. ಅವರ ಮೇಲೆ 120 ಅಡಿ ಉದ್ದ, 120 ಅಡಿ ಅಗಲದ ಜಾಹೀರಾತು ಫಲಕ ಕುಸಿಯಿತು. ಪಾಲಿಕೆಯ ಲೆಕ್ಕದಲ್ಲಿ 40 ಅಡಿಗೆ 40 ಅಡಿಗಿಂತ ದೊಡ್ಡದನ್ನು ನಿಲ್ಲಿಸುವ ಹಾಗೇ ಇರಲಿಲ್ಲ. ನಾವು ಅನುಮತಿ ಕೊಟ್ಟಿಲ್ಲ ಎಂದರು ಪಾಲಿಕೆಯವರು. ಜಾಗ ರೈಲ್ವೆ ಪೊಲೀಸರದ್ದು. ಪೆಟ್ರೋಲ್ ಇರುವ ಕಡೆ ಕಬ್ಬಿಣ ಕೊಯ್ಯಲು ಕಿಡಿ ಹಾರಿಸುವಂತಿಲ್ಲ. ಹಾಗಾಗಿ ಕೆಲಸ ದಿನಗಟ್ಟಲೆ ಹಿಡಿಯಿತು. ಕಾರಿನೊಳಗೆ ಸಿಕ್ಕಿಕೊಂಡಿದ್ದ ಗಂಡ ಹೆಂಡತಿಯ ದೇಹಗಳು ಸಿಕ್ಕಿದ್ದು ಬುಧವಾರ ರಾತ್ರಿ. ಒಟ್ಟು 17 ಜನ ಹೋದರು.

ಕೈಗೆ ಪಟ್ಟಿ ಕಟ್ಟಿದ್ದ ನಮ್ಮ ಹುಡುಗ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಅವತ್ತು ಅವನು ಅಲ್ಲೇ ಇದ್ದ.

ಇದು ಸಭೆಯಲ್ಲಿ ಕೆಲವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆರಾಧನೆ ಶುರುವಾಯಿತು. ಪ್ರಕಟಣೆ ಓದಿದರು. ಬೇಸಿಗೆ ರಜೆಯ ಮಕ್ಕಳ ಶಿಬಿರಕ್ಕೆ ಕಾಣಿಕೆ ಕೊಟ್ಟವರ ಹೆಸರು ಬಂತು. ಆಕ್ಷೇಪ ಇದ್ದರೆ ತಿಳಿಸಿ ಎಂದು ಒಂದು ಮದುವೆಯ ಎರಡನೇ ಕರೆ ಬಂತು. ನೀರಿನ ಟ್ಯಾಂಕ್ ರಿಪೇರಿ ಬಂತು. ನಾಳೆ ಮತದಾನ, ಎಲ್ಲರೂ ತಪ್ಪದೆ ಮತ ಹಾಕಿ ಎಂಬುದೂ ಬಂತು. ಪ್ರಸಂಗ ನಲವತ್ತು ನಿಮಿಷ. ಪವಿತ್ರಾತ್ಮನು ಗಾಳಿಯ ಹಾಗೆ ಬಂದನು ಎಂದು ನಮ್ಮ ಸಭಾಪಾಲಕರಾದ ಅಯ್ಯನವರು ಹೇಳಿದಾಗ, ನಾನು ಹಿಂದೆ ತಿರುಗಿ ನೋಡಿದೆ. ಹುಡುಗ ನೆಲ ನೋಡುತ್ತಿದ್ದ. ವಿಜ್ಞಾಪನೆ ಪ್ರಾರ್ಥನೆಯಲ್ಲಿ ದೇಶಕ್ಕಾಗಿ, ಅಧಿಕಾರಿಗಳಿಗಾಗಿ, ರೋಗಿಗಳಿಗಾಗಿ, ಪರೀಕ್ಷೆ ಬರೆದ ಮಕ್ಕಳಿಗಾಗಿ ಬೇಡಿದೆವು. ಘಾಟ್ಕೋಪರದ ಹೆಸರು ಬರಲೇ ಇಲ್ಲ.

ಆಶೀರ್ವಾದ ಆದ ಮೇಲೆ ಚಹಾದ ಹತ್ತಿರ ಯಾರೋ ಕೇಳಿದರು, ಕೈಗೆ ಏನಾಯ್ತು ಮಗಾ? "ಏನಿಲ್ಲ ಆಂಟಿ, ತಗಡು ತಾಗಿತು" ಎಂದ. ಚಹಾ ಕುಡಿಯದೆ ಹೊರಟುಹೋದ.

ನಾನೂ ಒಳಗೆ ಎದ್ದು ಮಾತಾಡಲಿಲ್ಲ. ವಿಜ್ಞಾಪನೆಯ ಹೊತ್ತಿನಲ್ಲಿ ಸಭೆಯವರು ಬೇಕಾದರೆ ಒಂದು ವಿಷಯ ಸೇರಿಸಬಹುದು, ಅಷ್ಟು ಸಲಿಗೆ ನಮ್ಮಲ್ಲಿದೆ. ಅಯ್ಯನವರು ಹೇಳುತ್ತಾರೆ ಎಂದು ಕಾದೆ. ಎಲ್ಲರೂ ಹಾಗೇ ಕಾದೆವು.

ಅಯ್ಯನವರ ಬಗ್ಗೆ ಒಂದು ಮಾತು. ನನ್ನ ತಾಯಿ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವರು ಅವರು. ಕಲ್ಲು ಮನಸ್ಸಿನವರಲ್ಲ. ಆದ್ದರಿಂದಲೇ ನನಗೆ ತಡೆಯಲಾಗಲಿಲ್ಲ. ಗ್ರೂಪಿನಲ್ಲಿ ಬರೆಯಲಿಲ್ಲ, ಕಮಿಟಿಗೆ ಪತ್ರ ಹಾಕಲಿಲ್ಲ. ಮಂಗಳವಾರ ಸಂಜೆ ಅವರ ಮನೆಗೇ ಹೋದೆ. ಅಮ್ಮನವರು ನಿಂಬೆ ಶರಬತ್ತು ಕೊಟ್ಟರು. ನಾನು ನೇರವಾಗಿ ಕೇಳಿದೆ, ಯಾಕಯ್ಯಾ ಒಂದು ಮಾತೂ ಆಡಲಿಲ್ಲ?

ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಟೀಚರೇ, ಮರುದಿನ ವೋಟಿಂಗ್. ಎಲ್ಲ ಪಕ್ಷದವರೂ ಬೆಂಚಿನಲ್ಲಿ ಕೂತಿದ್ದಾರೆ. ಹೋರ್ಡಿಂಗ್ ಎಂದರೆ ಸಾಕು, ಯಾರನ್ನು ಬೈದೆ ಎಂದು ಕೇಳುತ್ತಾರೆ. ನಾವು ಎಷ್ಟು ಜನ ಇದ್ದೇವೆ ಇಲ್ಲಿ? ಹೊರಗಿನಿಂದ ಬಂದವರು ಬೇರೆ."

ಆ ಹೆದರಿಕೆ ಸುಳ್ಳಲ್ಲ. ಈ ಊರಲ್ಲಿ ಕನ್ನಡದವರು ಒಂದು ಸಣ್ಣ ಗುಂಪು, ಅದರೊಳಗೆ ಕ್ರೈಸ್ತರು ಇನ್ನೂ ಸಣ್ಣ ಗುಂಪು. ತಲೆ ತಗ್ಗಿಸಿ ಬದುಕಿದರೆ ಕ್ಷೇಮ ಎಂದು ನಮ್ಮ ಅಪ್ಪಂದಿರು ಕಲಿತಿದ್ದರು. ನಮಗೂ ಕಲಿಸಿದರು. ಆದರೆ ನಾನು ಕೇಳಿದ್ದು ಯಾರನ್ನೂ ಬೈಯಿರಿ ಎಂದಲ್ಲ. ಸತ್ತವರಿಗಾಗಿ ಅಳೋಣ ಎಂದು. ಅಳುವುದಕ್ಕೂ ಪಕ್ಷ ನೋಡಬೇಕಾ?

ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆಗೆದೆ. ಅವರಿಗೆ ಗೊತ್ತಿಲ್ಲದ್ದೇನಲ್ಲ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಅಲ್ಲಿದೆ. ಆ ಬುರುಜಿನ ಬಗ್ಗೆ ಇಡೀ ಬೈಬಲಿನಲ್ಲಿ ಬೇರೆಲ್ಲೂ ಒಂದು ಮಾತಿಲ್ಲ. ಯಾರು ಕಟ್ಟಿದರು, ಹೇಗೆ ಬಿತ್ತು, ಏನೂ ಇಲ್ಲ. ಆ 18 ಜನರ ನೆನಪು ಉಳಿದಿರುವುದು ಯೇಸು ಅವರ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದರಿಂದ. ಅದಕ್ಕೂ ಮುಂಚೆ, ಗಲಿಲಾಯದವರು ಬಲಿ ಕೊಡುತ್ತಿದ್ದ ಹೊತ್ತಿನಲ್ಲೇ ರೋಮಿನ ಅಧಿಪತಿ ಪಿಲಾತನು ಅವರನ್ನು ಕೊಲ್ಲಿಸಿದ ಸುದ್ದಿ ಜನ ತಂದಿದ್ದರು. ಅದು ಶುದ್ಧ ರಾಜಕೀಯ. ಯೇಸು ಆ ಮಾತಿನಿಂದ ಜಾರಿಕೊಳ್ಳಲಿಲ್ಲ. ಬುರುಜಿನ ಸುದ್ದಿಯನ್ನು ತಾನೇ ಎತ್ತಿದ. ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರೆಂದು ನೆನೆಸುತ್ತೀರಾ, ಅಲ್ಲ ಎಂದ. ಕೇಳಿಸಿಕೊಳ್ಳುತ್ತಿದ್ದವರನ್ನು, ನೀವು ಪಾಪದಿಂದ ತಿರುಗಿಕೊಳ್ಳಿ ಎಂದ. ಅಲ್ಲಿ 18, ಇಲ್ಲಿ 17.

ಆ "ಅಲ್ಲ" ಎಂಬ ಮಾತು ನಮ್ಮ ಸಭೆಗೆ ಆ ವಾರ ಎಷ್ಟು ಬೇಕಿತ್ತು ಗೊತ್ತಾ? ಗುರುವಾರವೇ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂದಿತ್ತು. ಮುಂಬೈಯ ಪಾಪಕ್ಕೆ ದೇವರು ಗಾಳಿ ಕಳಿಸಿದನಂತೆ, ಇದು ಕಡೇ ದಿನಗಳ ಗುರುತಂತೆ. ಕೆಳಗೆ ಹನ್ನೊಂದು ಜನ ಆಮೆನ್ ಹಾಕಿದ್ದರು. ಆ ಗ್ರೂಪಿನಲ್ಲಿ ಈ ಹುಡುಗನೂ ಇದ್ದಾನೆ. ಬಲಿಪೀಠದ ಕಡೆಯಿಂದ ಮಾತು ಬರದಿದ್ದರೆ ಜನ ಏನೂ ಕೇಳಿಸಿಕೊಳ್ಳುವುದಿಲ್ಲ ಎಂದಲ್ಲ. ಸಿಕ್ಕಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಅಯ್ಯನವರು ಬಿಟ್ಟ ಜಾಗದಲ್ಲಿ ಆ ಫಾರ್ವರ್ಡ್ ಬಂದು ಕೂತಿತು.

ಮೌನವೂ ಪ್ರಾರ್ಥನೆಯೇ ಅಲ್ವಾ ಟೀಚರೇ, ಎಂದರು ಅಯ್ಯನವರು. ಹೌದು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿಬಿಡದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಡಿಸಿದರು. ಆದರೆ ಅವರು ಕೂತದ್ದು ಯೋಬನ ಪಕ್ಕದಲ್ಲಿ, ಅದೇ ಮಣ್ಣಿನಲ್ಲಿ. ನಮ್ಮ ಹುಡುಗನ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ.

ನಮ್ಮ ಹಿರಿಯರು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾಲದ ಉಡುಪಿ ಕಡೆಯವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿದ್ದು 1843ರಲ್ಲಿ. ಹೊರಡಿಸಿದವರು ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಕನ್ನಡಿಗರ ಕೈಗೆ ಊರಿನ ಸುದ್ದಿಯನ್ನು ಅಚ್ಚು ಹಾಕಿ ಕೊಟ್ಟವರ ಸಭೆ ನಮ್ಮದು. ಅಂಥ ಸಭೆಯ ಬಾಗಿಲಲ್ಲಿ ಊರಿನ ಸುದ್ದಿಯನ್ನು ಚಪ್ಪಲಿಯ ಹಾಗೆ ಬಿಟ್ಟು ಒಳಗೆ ಬರಬೇಕಾ? ಅಯ್ಯನವರಿಗೆ ಇದನ್ನೂ ಹೇಳಿದೆ. ಸ್ವಲ್ಪ ದನಿ ಏರಿತ್ತು, ಆಮೇಲೆ ಕ್ಷಮೆ ಕೇಳಿದೆ.

ಧರ್ಮದ ಕಡೆಯವರು ಮಾತಾಡಿದರೆ ಏನಾಗುತ್ತದೆ ಎಂದು ಈ ಊರು ನೋಡಿದೆ. 2008ರ ನವೆಂಬರ್ 26ರ ದಾಳಿಯ ನಂತರ, ಮರೀನ್ ಲೈನ್ಸಿನ ಬಡಾ ಕಬ್ರಸ್ತಾನ್ ನೋಡಿಕೊಳ್ಳುವ ಮಸೀದಿ ಟ್ರಸ್ಟಿನವರು ಸತ್ತ ಒಂಬತ್ತು ದಾಳಿಕೋರರನ್ನು ಇಲ್ಲಿ ಹೂಳಲು ಬಿಡುವುದಿಲ್ಲ ಎಂದುಬಿಟ್ಟರು. ಅವರ ಮೇಲೆ ಎಲ್ಲರ ಕಣ್ಣಿದ್ದ ಹೊತ್ತು ಅದು. ಸುಮ್ಮನಿರಲು ಅವರಿಗೆ ನಮಗಿಂತ ಹತ್ತು ಪಟ್ಟು ಕಾರಣ ಇತ್ತು.

ಅಯ್ಯನವರು ಒಪ್ಪಿದರಾ? ಅರ್ಧ ಒಪ್ಪಿದರು. ತಾವು ಪ್ರಸಂಗದಲ್ಲಿ ತರುವುದಿಲ್ಲ, ಆದರೆ ವಿಜ್ಞಾಪನೆ ಪ್ರಾರ್ಥನೆಯನ್ನು ಈ ಸಲ ನೀವೇ ಬರೆದು ಓದಿ ಎಂದರು. ಕಮಿಟಿಯಲ್ಲಿ ಯಾರಾದರೂ ಕೇಳಿದರೆ ನಾನು ಹೇಳಿದ್ದು ಎನ್ನುತ್ತೇನೆ ಎಂದರು. ಆ ಕೊನೆಯ ಮಾತಿಗೆ ನಾನು ಇವತ್ತಿಗೂ ಋಣಿ.

ಬರೆಯಲು ಕೂತಾಗ ತಿಳಿಯಿತು, ಎಷ್ಟು ಕಷ್ಟ ಎಂದು. ಮೊದಲು ಬರೆದದ್ದರಲ್ಲಿ ಬರೀ ಸಿಟ್ಟಿತ್ತು. ಹರಿದು ಹಾಕಿದೆ. ಎರಡನೆಯದರಲ್ಲಿ ದೇವರ ಚಿತ್ತ ಎಂಬ ಮಾತು ತಾನಾಗಿ ಬಂದು ಕೂತಿತ್ತು. ಅದನ್ನೂ ಹೊಡೆದು ಹಾಕಿದೆ. 120 ಅಡಿಯ ಕಬ್ಬಿಣವನ್ನು ನಿಲ್ಲಿಸಿದ್ದು ಮನುಷ್ಯರು, ದೇವರಲ್ಲ. ಕಡೆಗೆ ಸ್ತ್ರೀ ಸಂಘದ ಇಬ್ಬರನ್ನು ಕೂರಿಸಿಕೊಂಡು ಪತ್ರಿಕೆಯಲ್ಲಿ ಬಂದ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿದೆವು. ಬರೆಯುತ್ತಾ ಒಬ್ಬರು ಕೇಳಿದರು, ನಮ್ಮ ಸಭೆಯವರು ಯಾರೂ ಇಲ್ಲವಲ್ಲ ಅಕ್ಕಾ, ಇವರ ಹೆಸರು ಯಾಕೆ? ಇನ್ನೊಬ್ಬರು ಪೆನ್ನು ಕೆಳಗಿಡದೆ ಹೇಳಿದರು, ಮಳೆ ಬಂದರೆ ನಾವೂ ಅಲ್ಲೇ ನಿಲ್ಲುತ್ತಿದ್ದೆವು. ಅಷ್ಟೇ ಮಾತು.

ಮೇ 26ರಂದು ಓದಿದೆ. ಹೆಸರು ಓದಿದೆ. ಗಾಯಗೊಂಡವರಿಗಾಗಿ ಬೇಡಿದೆ. ಸತ್ತವರ ತಪ್ಪೇನೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಜವಾಬ್ದಾರಿ ಹೊತ್ತವರು ಒಬ್ಬರ ಮೇಲೊಬ್ಬರು ಹಾಕದೆ ಉತ್ತರ ಕೊಡುವ ಹಾಗಾಗಲಿ ಎಂದೆ. ಕಳೆದ ವಾರ ನಾವು ಸುಮ್ಮನಿದ್ದುದನ್ನು ಮನ್ನಿಸು ಎಂದೆ. ಎರಡು ನಿಮಿಷವೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬರು ಹಿರಿಯರು ಮುಖ ತಿರುಗಿಸಿ ಹೋದರು, ಅದು ನಿಜ. ಸದಾ ಲೆಕ್ಕ ಕೇಳುವ ಇನ್ನೊಬ್ಬರು ಬಂದು ಆ ಹಾಳೆ ಕೊಡಿ ಟೀಚರೇ, ಮನೆಯಲ್ಲಿ ಓದುತ್ತೇನೆ ಎಂದು ಇಸಿದುಕೊಂಡರು.

ಇದನ್ನು ಯಾಕೆ ಇಲ್ಲಿ ಬರೆಯುತ್ತಿದ್ದೇನೆ ಎಂದರೆ, ಪುಣೆಯಿಂದ, ಗೋವಾದಿಂದ, ಊರಿನಿಂದ ಗೆಳತಿಯರು ಕೇಳುತ್ತಾರೆ, ನಮ್ಮ ಸಭೆಯಲ್ಲೂ ಯಾವ ದುರಂತಕ್ಕೂ ಬಾಯಿ ತೆರೆಯುವುದಿಲ್ಲ, ಏನು ಮಾಡೋಣ ಎಂದು. ಕೆಲವರು ಸಿಟ್ಟಿನಲ್ಲಿ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ದಯವಿಟ್ಟು ಬಿಡಬೇಡಿ. ಅದೇ ವಾರದಲ್ಲಿ ಹೋಗಿ ಕೇಳಿ, ತಿಂಗಳಾದ ಮೇಲೆ ಅಲ್ಲ. ಮನೆಗೆ ಹೋಗಿ ಕೇಳಿ. ಕೈಯಲ್ಲಿ ಪ್ರಾರ್ಥನೆ ಬರೆದುಕೊಂಡೇ ಹೋಗಿ. ಸಭಾಪಾಲಕರಲ್ಲಿ ಎಷ್ಟೋ ಜನ ಮನಸ್ಸಿಲ್ಲದೆ ಅಲ್ಲ, ಮೊದಲ ಸಾಲು ಹೊಳೆಯದೆ, ಯಾರು ಜೊತೆಗೆ ನಿಲ್ಲುತ್ತಾರೆ ಎಂದು ತಿಳಿಯದೆ ಸುಮ್ಮನಿರುತ್ತಾರೆ. ಅವರು ಬೇಡವೇ ಬೇಡ ಎಂದರೆ, ಆಶೀರ್ವಾದ ಆದ ಮೇಲೆ ಹೊರಗೆ ನಾಲ್ಕು ಜನ ನಿಂತು ಓದಿ. ಮತ್ತೆ ಎಲ್ಲಕ್ಕಿಂತ ಮೊದಲು, ಕೊನೆಯ ಬೆಂಚಿನಲ್ಲಿ ಯಾರಿದ್ದಾರೆ ನೋಡಿ. ನಾನು ನೋಡಿದೆ, ಎದ್ದು ಹೋಗಿ ಪಕ್ಕದಲ್ಲಿ ಕೂರಲಿಲ್ಲ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

26ರಂದು ಆ ಹುಡುಗ ಬಂದಿರಲಿಲ್ಲ. ಪ್ರಾರ್ಥನೆಯ ಹಾಳೆಯ ಫೋಟೋ ತೆಗೆದು ಅವನಿಗೆ ಕಳಿಸಿದೆ. ಮಧ್ಯಾಹ್ನ ನೋಡಿದ ಗುರುತು ಬಂತು. ಉತ್ತರ ಬಂದದ್ದು ರಾತ್ರಿ ಹನ್ನೊಂದರ ಮೇಲೆ, ಕೆಲಸ ಮುಗಿಸಿದ ಮೇಲೆ ಇರಬೇಕು.

"ಆಂಟಿ, ಪಂಪಿನಲ್ಲಿ ಪೆಟ್ರೋಲ್ ಹಾಕ್ತಿದ್ದ ಹುಡುಗನಿಗೂ ಪ್ರಾರ್ಥನೆ ಮಾಡಿದ್ರಾ? ಚಿಲ್ಲರೆ ಇರಲಿಲ್ಲ, ಗಾಡಿ ಆ ಕಡೆ ನಿಲ್ಲಿಸಿ ಬಾ ಕೊಡ್ತೀನಿ ಅಂದ. ನಾನು ಆ ಕಡೆ ಹೋದೆ. ಅವನ ಹೆಸರು ನನಗೆ ಗೊತ್ತಿಲ್ಲ. ಏನಾದ ಅಂತಾನೂ ಗೊತ್ತಿಲ್ಲ."

ನಾನು ಅದನ್ನು ಹಾಗೇ ಅಯ್ಯನವರಿಗೆ ಕಳಿಸಿದೆ. ಅವರು ಏನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ಆ ಹುಡುಗನ ಮನೆ ಎಲ್ಲಿ ಟೀಚರೇ, ದಾರಿ ಹೇಳಿ ಎಂದರು.