ಕಿಯಾಂಟಿಯ ಬಿಳಿ ರಸ್ತೆಗಳನ್ನು ಕಾರುಗಳಿಗೆ ಮುಚ್ಚಬೇಕೇ? ಪರ–ವಿರೋಧ

ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಹರಡಿರುವ ಕಿಯಾಂಟಿ ಬೆಟ್ಟಗಳಲ್ಲಿ ಡಾಂಬರು ಕಾಣದ ಜಲ್ಲಿ ರಸ್ತೆಗಳು ಇಂದಿಗೂ ಉಳಿದಿವೆ. ಸುಣ್ಣಕಲ್ಲಿನ ಪುಡಿಯಿಂದ ಬೆಳ್ಳಗೆ ಕಾಣುವ ಇವನ್ನು ಅಲ್ಲಿನವರು ‘ಸ್ತ್ರಾದೆ ಬಿಯಾಂಕೆ’, ಅಂದರೆ ಬಿಳಿ ರಸ್ತೆಗಳು ಎಂದೇ ಕರೆಯುತ್ತಾರೆ. ದ್ರಾಕ್ಷಿ ತೋಟ, ಆಲಿವ್ ತೋಪು, ಓಕ್ ಕಾಡುಗಳನ್ನು ಹಾದು ಏರಿಳಿಯುವ ಈ ದಾರಿಗಳನ್ನು ಹುಡುಕಿಕೊಂಡು ಗ್ರಾವೆಲ್ ಬೈಕ್ (ಜಲ್ಲಿ ದಾರಿಗೆಂದೇ ಮಾಡಿದ, ಅಗಲ ಟೈರಿನ ಸೈಕಲ್) ಸವಾರರು ದೂರದೂರದಿಂದ ಬರುತ್ತಾರೆ. ಹೊರಗಿನವರ ಕಾರು, ಮೋಟಾರ್‌ಬೈಕುಗಳನ್ನು ತಡೆದು ಇವನ್ನು ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡಬೇಕೇ ಎಂಬುದು ಪ್ರಶ್ನೆ.

ಪರ: ಮುಚ್ಚಿದರೆ ಮಾತ್ರ ಬಿಳಿ ರಸ್ತೆ ಬಿಳಿಯಾಗಿ ಉಳಿಯುತ್ತದೆ

ಜಲ್ಲಿಯ ಮೇಲೆ ಸೈಕಲ್ ಓಡಿಸುವುದು ಬೇರೆಯೇ ವಿದ್ಯೆ. ಟೈರು 40 ಮಿಲಿಮೀಟರ್ ಅಗಲವಿದ್ದು, ಗಾಳಿ ಕಡಿಮೆ ತುಂಬಿದ್ದರೂ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹಿಡಿತ ಅಷ್ಟಕ್ಕಷ್ಟೇ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಬೇಕು. ತಿರುವಿನ ಒಳಗೆ ಹಿಡಿದರೆ ಚಕ್ರ ಜಾರುತ್ತದೆ. ಗಟ್ಟಿ ನೆಲ ಎಡಕ್ಕೆ ಸಿಕ್ಕರೆ ಎಡಕ್ಕೆ, ಬಲಕ್ಕೆ ಸಿಕ್ಕರೆ ಬಲಕ್ಕೆ ಹೋಗಬೇಕು. ಅಂದರೆ ಸವಾರನಿಗೆ ರಸ್ತೆಯ ಇಡೀ ಅಗಲ ಬೇಕು. ಕಲ್ಲುಗೋಡೆಗೂ ಸೈಪ್ರೆಸ್ ಮರಗಳ ಸಾಲಿಗೂ ನಡುವೆ ಒಂದೇ ವಾಹನ ಹಿಡಿಯುವ ತಿರುವಿನಲ್ಲಿ ಎದುರಿಗೆ ಬಾಡಿಗೆ ಕಾರೊಂದು ಬಂದರೆ ಇಬ್ಬರಿಗೂ ನಿಲ್ಲಲು ಆಗುವುದಿಲ್ಲ. ಅದು ದಾಟಿ ಹೋದ ಮೇಲೂ ಧೂಳಿನಲ್ಲಿ ಮುಂದಿನ ದಾರಿ ಕಾಣುವುದಿಲ್ಲ.

ಆದರೂ ಸವಾರರ ಸುರಕ್ಷತೆಗಿಂತ ದೊಡ್ಡ ಕಾರಣ ಇನ್ನೊಂದಿದೆ. 1990ರ ದಶಕದಲ್ಲಿ ಈ ರಸ್ತೆಗಳು ಒಂದೊಂದಾಗಿ ಡಾಂಬರಿನ ಅಡಿ ಸೇರುತ್ತಿದ್ದವು. ಅದನ್ನು ತಡೆಯಬೇಕೆಂದೇ 1997ರಲ್ಲಿ ಜಾನ್‌ಕಾರ್ಲೊ ಬ್ರೋಚಿ ಎಂಬವರು ಕಿಯಾಂಟಿಯ ಗಾಯೊಲೆ ಎಂಬ ಪುಟ್ಟ ಊರಿನಲ್ಲಿ ‘ಲೆರೋಯಿಕಾ’ ಸೈಕಲ್ ಸವಾರಿ ಆರಂಭಿಸಿದರು. ಮೊದಲ ವರ್ಷ ಬಂದವರು 92 ಮಂದಿ. 1987ಕ್ಕೂ ಹಿಂದಿನ ಉಕ್ಕಿನ ಸೈಕಲ್ಲುಗಳನ್ನು ಏರಿ ಸಾವಿರಾರು ಜನ ಬರುವ ಹಬ್ಬವಾಗಿ ಅದು ಈಗ ಬೆಳೆದಿದೆ. ಅದರ 209 ಕಿಲೋಮೀಟರ್ ದಾರಿ ವರ್ಷವಿಡೀ ತೆರೆದಿರುತ್ತದೆ, ಅರ್ಧಕ್ಕಿಂತ ಹೆಚ್ಚು ಭಾಗ ಜಲ್ಲಿಯೇ. 2007ರಲ್ಲಿ ಸಿಯೆನಾ ಸೀಮೆಯ ಇದೇ ಬಗೆಯ ದಾರಿಗಳಲ್ಲಿ ವೃತ್ತಿಪರರ ರೇಸ್ ಕೂಡ ಶುರುವಾಯಿತು. ಸೈಕಲ್ಲೇ ಈ ರಸ್ತೆಗಳಿಗೆ ಮರುಜೀವ ಕೊಟ್ಟಿದೆ ಎಂದರೆ ತಪ್ಪಾಗದು.

ಹೆಸರು ಬಂದ ಕಡೆಗೆ ಕಾರುಗಳೂ ಬರುತ್ತವೆ. ವೇಗವಾಗಿ ಉರುಳುವ ಚಕ್ರಗಳು ಸಡಿಲ ಜಲ್ಲಿಯಲ್ಲಿ ಅಡ್ಡಡ್ಡ ಅಲೆಗಳನ್ನು ಎಬ್ಬಿಸುತ್ತವೆ. ಅಲೆಯ ಮೇಲೆ ಮತ್ತೆ ಓಡಿದಂತೆ ಅದು ಇನ್ನಷ್ಟು ಆಳವಾಗುತ್ತದೆ. ಮಳೆ ಬಿದ್ದರೆ ಅಲ್ಲೇ ನೀರು ನಿಂತು ಗುಂಡಿ. ಬೇಸಿಗೆಯಲ್ಲಿ ಎದ್ದ ಧೂಳು ದ್ರಾಕ್ಷಿ ಎಲೆಗಳ ಮೇಲೆ ಕೂರುತ್ತದೆ, ಧೂಳು ಹಿಡಿದ ಎಲೆಗಳಲ್ಲಿ ನುಸಿ ಹೆಚ್ಚುತ್ತದೆ. ಆಗ ಅಕ್ಕಪಕ್ಕದವರೇ ಡಾಂಬರು ಹಾಕಿ ಎಂದು ಕೇಳುತ್ತಾರೆ, ಅವರನ್ನು ದೂರುವಂತಿಲ್ಲ. ಹೊರಗಿನ ಕಾರುಗಳನ್ನು ಈಗಲೇ ತಡೆಯದಿದ್ದರೆ ಬ್ರೋಚಿ ಹೆದರಿದ್ದು ಮತ್ತೊಂದು ದಾರಿಯಿಂದ ನಿಜವಾಗುತ್ತದೆ.

ಇದೇನೂ ಕೇಳರಿಯದ ಬೇಡಿಕೆಯಲ್ಲ. ಸಿಯೆನಾ 1960ರ ದಶಕದಲ್ಲೇ ತನ್ನ ಹಳೆಯ ಊರಿನಿಂದ ಕಾರುಗಳನ್ನು ಹೊರಗಿಟ್ಟಿತು. ಜರ್ಮನಿಯ ಮೊಸೆಲ್ ನದಿಯ ದ್ರಾಕ್ಷಿ ಬೆಟ್ಟಗಳಲ್ಲಿ ಎಷ್ಟೋ ತೋಟದ ದಾರಿಗಳ ಬಾಯಲ್ಲೇ ಕೃಷಿ ವಾಹನಗಳಿಗೆ ಮಾತ್ರ ಪ್ರವೇಶ ಎಂಬ ಫಲಕವಿರುತ್ತದೆ, ಸೈಕಲ್ಲಿಗೆ ತಡೆಯಿಲ್ಲ. ಕಿಯಾಂಟಿಯಲ್ಲೂ ನಿವಾಸಿಗಳಿಗೆ, ಟ್ರ್ಯಾಕ್ಟರಿಗೆ, ಆಂಬುಲೆನ್ಸಿಗೆ ಪರವಾನಗಿ ಕೊಟ್ಟು ಉಳಿದವರಿಗೆ ಬೇಡ ಎನ್ನಬಹುದು. ಪಕ್ಕದಲ್ಲೇ ಡಾಂಬರು ರಸ್ತೆಯಿದೆ, ಕಾರಿನಲ್ಲಿ ಬಂದವರು ಅದರಲ್ಲಿ ಹೋಗಲಿ.

ವಿರೋಧ: ಈ ರಸ್ತೆಗಳ ತುದಿಯಲ್ಲಿ ಮನೆಗಳಿವೆ

ಮೊಸೆಲ್ ಉದಾಹರಣೆಯಿಂದಲೇ ಶುರು ಮಾಡೋಣ, ವಾದ ಎಡವುವುದು ಅಲ್ಲೇ. ಅಲ್ಲಿನ ದ್ರಾಕ್ಷಿ ಬೆಳೆಗಾರ ವಾಸಿಸುವುದು ನದಿದಡದ ಹಳ್ಳಿಯಲ್ಲಿ; ಬೆಳಿಗ್ಗೆ ತೋಟಕ್ಕೆ ಹತ್ತಿ ಸಂಜೆ ಇಳಿಯುತ್ತಾನೆ. ದಾರಿಯ ಕೊನೆಯಲ್ಲಿ ಬಳ್ಳಿಗಳಿವೆಯೇ ಹೊರತು ಮನೆಯಿಲ್ಲ. ಕಿಯಾಂಟಿಯ ಕಥೆ ಬೇರೆ. ಇಲ್ಲಿ ಶತಮಾನಗಳ ಕಾಲ ‘ಮೆದ್ಸಾದ್ರಿಯಾ’ ಎಂಬ ಕೋರು ಪದ್ಧತಿ ನಡೆಯಿತು. ಭೂಮಾಲೀಕ ತನ್ನ ಜಮೀನನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಕುಟುಂಬವನ್ನು ಮನೆ ಸಮೇತ ನೆಲೆಗೊಳಿಸುತ್ತಿದ್ದ, ಬೆಳೆಯಲ್ಲಿ ಅರ್ಧ ಪಡೆಯುತ್ತಿದ್ದ. ಹಾಗಾಗಿ ಮನೆಗಳು ಬೆಟ್ಟದ ನೆತ್ತಿಯ ಮೇಲೆ ಒಂದೊಂದಾಗಿ ಚದುರಿವೆ, ಬಿಳಿ ರಸ್ತೆಗಳು ಹುಟ್ಟಿದ್ದೇ ಆ ಮನೆಗಳನ್ನು ಕೂಡಿಸಲು. 1964ರ ಕಾಯ್ದೆ ಹೊಸ ಕೋರು ಒಪ್ಪಂದಗಳನ್ನು ನಿಷೇಧಿಸಿತು, ಆದರೆ ಮನೆಗಳು ಇದ್ದಲ್ಲೇ ಇವೆ.

ನಿವಾಸಿಗೆ ಪರವಾನಗಿ ಕೊಟ್ಟರೆ ಸಾಕೇ? ಆ ಮನೆಗೆ ಅಡುಗೆಗೂ ಚಳಿಗಾಲದ ಬಿಸಿಗೂ ಗ್ಯಾಸ್ ತುಂಬಲು ಟ್ಯಾಂಕರ್ ಬರಬೇಕು. ಪಶುವೈದ್ಯರು, ಅಂಚೆಯವರು, ಪ್ಲಂಬರ್, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಹೆಂಗಸು, ಮೊಮ್ಮಕ್ಕಳು, ಅವರ ಸ್ನೇಹಿತರು ಎಲ್ಲರೂ ‘ಹೊರಗಿನವರೇ’. ಸಣ್ಣ ಬೆಳೆಗಾರನ ನೆಲಮಾಳಿಗೆಗೆ ನೇರವಾಗಿ ಬಂದು ಆರು ಬಾಟಲಿ ವೈನ್ ಕೊಳ್ಳುವವನು ಕಾರಿನಲ್ಲೇ ಬರುತ್ತಾನೆ; ಸೈಕಲ್ ಸವಾರ ಒಂದು ಲೋಟ ರುಚಿ ನೋಡಿ ಮುಂದೆ ಹೋಗುತ್ತಾನೆ, ಅವನ ಬೆನ್ನ ಜೇಬಿನಲ್ಲಿ ಬಾಟಲಿ ಹಿಡಿಯುವುದಿಲ್ಲ. ತನ್ನ ಮನೆಗೆ ಯಾರು ಬರಬಹುದು ಎಂಬ ಪಟ್ಟಿಯನ್ನು ಪುರಸಭೆಗೆ ಕೊಟ್ಟು ಬದುಕಬೇಕಾದ ಹಳ್ಳಿಯಲ್ಲಿ ಚಿಕ್ಕವಯಸ್ಸಿನವರು ಉಳಿಯುತ್ತಾರೆಂದು ನನಗಂತೂ ಅನ್ನಿಸುವುದಿಲ್ಲ. ಗಾಯೊಲೆಯ ಇಡೀ ಪುರಸಭೆಯಲ್ಲಿ ಇರುವುದೇ ಮೂರು ಸಾವಿರಕ್ಕಿಂತ ಕಡಿಮೆ ಜನ.

ಇನ್ನು ರಸ್ತೆ ಯಾರದು? ಈ ದಾರಿಗಳಲ್ಲಿ ಅನೇಕವು ‘ಸ್ತ್ರಾದಾ ವಿಚಿನಾಲೆ’ ವರ್ಗದವು: ನೆಲ ಖಾಸಗಿ, ಬಳಕೆ ಸಾರ್ವಜನಿಕ. 1918ರ ಆದೇಶವೊಂದರ ಪ್ರಕಾರ ಅಕ್ಕಪಕ್ಕದ ಮಾಲೀಕರು ಒಕ್ಕೂಟ ಕಟ್ಟಿಕೊಂಡು ಅವನ್ನು ನೋಡಿಕೊಳ್ಳುತ್ತಾರೆ. ಪುರಸಭೆ ಒಂದು ಪಾಲು ಕೊಡುತ್ತದೆ, ಉಳಿದದ್ದು ಅವರ ಜೇಬಿನಿಂದಲೇ. ಜಲ್ಲಿ ರಸ್ತೆಗೆ ಪ್ರತಿ ವರ್ಷ ಕೆಲಸವಿರುತ್ತದೆ. ಚರಂಡಿಯ ಹೂಳು ತೆಗೆಯಬೇಕು, ಮೋರಿ ಬಿಡಿಸಬೇಕು, ನೀರು ಪಕ್ಕಕ್ಕೆ ಹರಿಯುವಂತೆ ನಡುಬೆನ್ನು ಎತ್ತರಿಸಿ ಗ್ರೇಡರ್ (ನೆಲ ಹೆರೆದು ಹದಗೊಳಿಸುವ ಯಂತ್ರ) ಆಡಿಸಬೇಕು. ಒಂದು ಶರತ್ಕಾಲದ ಜಡಿಮಳೆಗೆ ಮೋರಿ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೇ ನುಗ್ಗಿ ಕೊರಕಲು ಬೀಳುತ್ತದೆ. ಇದಕ್ಕೆಲ್ಲ ದುಡ್ಡು ಹಾಕುವವರು ಹಾಕುವುದು ತಾವು ದಿನಾ ಓಡಾಡುತ್ತೇವೆಂಬ ಕಾರಣಕ್ಕೆ. 1950–60ರ ದಶಕಗಳಲ್ಲಿ ಕೋರುದಾರರು ನಗರದ ಕಾರ್ಖಾನೆಗಳಿಗೆ ಹೊರಟುಹೋದಾಗ ಏನಾಯಿತೋ ಅದು ಕಣ್ಣೆದುರಿಗೇ ಇದೆ: ಮನೆ ಪಾಳು ಬಿದ್ದಲ್ಲಿ ದಾರಿಯನ್ನೂ ಮುಳ್ಳುಪೊದೆ ನುಂಗಿತು. ಡಾಂಬರು ನುಂಗಿದ ರಸ್ತೆಗಳ ಬಗ್ಗೆ ದುಃಖಪಡುವವರು ಪೊದೆ ನುಂಗಿದವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಾಹನವಿಲ್ಲದ ರಸ್ತೆ ಎಂಬ ಫಲಕ ಸುಳ್ಳು ಧೈರ್ಯವನ್ನೂ ಕೊಡುತ್ತದೆ. ತೋಟ ಎಂದೂ ಖಾಲಿ ಇರುವುದಿಲ್ಲ. ವಸಂತದಿಂದ ನಡು ಬೇಸಿಗೆಯವರೆಗೆ ಬೂಜು ತುಪ್ಪಟ ರೋಗಕ್ಕೆ ತಾಮ್ರ, ಬೂದಿ ರೋಗಕ್ಕೆ ಗಂಧಕ ಸಿಂಪಡಿಸುತ್ತಾರೆ. ಗಾಳಿಯಿಲ್ಲದ ಬೆಳಗಿನ ಹೊತ್ತೇ ಅದಕ್ಕೆ ಸರಿ, ಸವಾರರಿಗೆ ಪ್ರಿಯವಾದ ಹೊತ್ತೂ ಅದೇ. ಕಿಯಾಂಟಿಯ ಮುಖ್ಯ ತಳಿಯಾದ ಸಾಂಜೊವೇಸೆ ದ್ರಾಕ್ಷಿಯ ಕೊಯ್ಲು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ಬಿರುಸಾಗಿರುತ್ತದೆ, ಲೆರೋಯಿಕಾ ನಡೆಯುವುದೂ ಅಕ್ಟೋಬರ್ ಆರಂಭದಲ್ಲಿ. ಎದುರಿಗೆ ಏನೂ ಬರದು ಎಂದು ನಂಬಿ ಇಳಿಜಾರಿನಲ್ಲಿ ಬ್ರೇಕ್ ಬಿಟ್ಟವನಿಗೆ ತಿರುವಿನಲ್ಲಿ ಸಿಗುವುದು ದ್ರಾಕ್ಷಿ ತುಂಬಿದ ಟ್ರೈಲರ್. ಬಾಡಿಗೆ ಕಾರಿಗೆ ನಿಷೇಧ ಹಾಕಿದರೂ ಟ್ರ್ಯಾಕ್ಟರು ಇರುತ್ತದೆ, ಅದು ಇರಲೇಬೇಕು.

ಕಾರುಗಳ ವೇಗದ ಬಗ್ಗೆ ಪರ ವಾದ ಹೇಳಿದ್ದರಲ್ಲಿ ಸತ್ಯವಿದೆ. ರಸ್ತೆಯಲ್ಲಿ ಅಲೆ ಎಬ್ಬಿಸುವುದೂ ಧೂಳು ಎಬ್ಬಿಸುವುದೂ ವೇಗವೇ ಆದ್ದರಿಂದ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿ, ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕು. ಕಿಯಾಂಟಿಯ ಹಳೆಯ ವೈನ್ ಸೀಮೆಯಾದ ಕಿಯಾಂಟಿ ಕ್ಲಾಸಿಕೊದ ಸುಮಾರು ಮೂರರಲ್ಲಿ ಎರಡು ಪಾಲು ಕಾಡು. ಆ ಕಾಡಿನೊಳಗೆ ಹೋಗಿ ಯಾವ ಮನೆಯನ್ನೂ ಮುಟ್ಟದ ದಾರಿಗಳನ್ನು ಮೋಟಾರುಗಳಿಗೆ ಪೂರ್ತಿ ಮುಚ್ಚಲು ನಮ್ಮ ತಕರಾರಿಲ್ಲ. ಮನೆಗಳಿರುವ ದಾರಿಯಲ್ಲಿ ಮಾತ್ರ ಅಡ್ಡಗಂಬ ಬೇಡ. ಅಲ್ಲಿ ಸಿಂಪಡಣೆಯ ದಿನ, ಕೊಯ್ಲಿನ ದಿನ ತೋಟದವರು ಎದ್ದುಕಾಣುವಂತೆ ಫಲಕ ಹಾಕಲಿ, ಸವಾರರು ಆ ಹೊತ್ತಿಗೆ ಸುತ್ತುದಾರಿ ಹಿಡಿದು ಹೋಗಲಿ. ಲೆರೋಯಿಕಾದಂಥ ಸವಾರಿಗಳ ಪ್ರವೇಶ ಶುಲ್ಕದಿಂದ ಪ್ರತಿ ಯೂರೋಗೆ ಒಂದಿಷ್ಟು ಸೆಂಟ್ ಎಂದು ಎತ್ತಿಟ್ಟು ದಾರಿಯ ಒಕ್ಕೂಟಗಳಿಗೆ ಕೊಡುವ ಏರ್ಪಾಡು ಆಗಬೇಕು. ಆ ಹಣ ಬೇಸಿಗೆ ಮುಗಿಯುವ ಮೊದಲೇ ಅವರ ಕೈಸೇರಬೇಕು, ಏಕೆಂದರೆ ಮೋರಿಗಳನ್ನು ಬಿಡಿಸಬೇಕಾದದ್ದು ಮಳೆ ಹಿಡಿಯುವುದಕ್ಕೆ ಮುಂಚೆ.