ಡೈರಿ ಬೆಂಚಿನ ಮೇಲೆ ಎರಡು ಜಡೆ

ಮೊನ್ನೆ ದೊಡ್ಡಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಊರ ಬಸ್ ಸ್ಟಾಪಿನಲ್ಲಿ ಯಾರೋ ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದಾರೆ: ‘ಮನೆ ಮಠ ಮರೆತು ಊರಿಗಾಗಿ ದುಡಿದ ಹಿರಿಯ ಜೀವ’. ಕಟ್ಟಿಸಿದವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ (ಅವರದೇ ಹತ್ತು ಮುಖಗಳು ಕೆಳಗೆ ಸಾಲಾಗಿ ನಗುತ್ತಿವೆ, ಇರಲಿ). ಆದರೆ ಆ ಸಾಲು ಓದಿದಾಗಿನಿಂದ ನನಗೆ ತಡೆಯಲಾಗುತ್ತಿಲ್ಲ. ಅವರು ಮನೆ ಮರೆತದ್ದು ಯಾವಾಗ?

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಅಂತ ಬದುಕಿರುವವರನ್ನು ಬೈಯುತ್ತೇವೆ. ಸತ್ತ ಮೇಲೆ ಅದೇ ಮಾತಿಗೆ ಹಾರ ಹಾಕಿ ಫ್ಲೆಕ್ಸಿಗೆ ಏರಿಸುತ್ತೇವೆ. ಹೆಂಡತಿ ಮಕ್ಕಳನ್ನು ನೋಡಿಕೊಂಡವನು ದೊಡ್ಡವನಾಗಲು ಸಾಧ್ಯವೇ ಇಲ್ಲವೇನೋ ಅನ್ನುವ ಹಾಗೆ.

ಮದ್ದೂರು ಕಡೆಯ ನಮ್ಮೂರಿನ ಹಾಲಿನ ಡೈರಿಗೆ ದೊಡ್ಡಪ್ಪ ಸೆಕ್ರೆಟರಿ ಆದದ್ದು 1985ರಲ್ಲಿ. ಕೆಎಂಎಫ್ ಅನ್ನುವ ಹೆಸರು ಹುಟ್ಟಿ ಆಗ ಒಂದೇ ವರ್ಷ. ಹೇಳಿಕೊಳ್ಳುವಂಥ ಸಂಬಳವಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಲು, ಸಂಜೆ ಆರಕ್ಕೆ ಹಾಲು. ಹಬ್ಬವಿರಲಿ, ಮಾರಮ್ಮನ ಜಾತ್ರೆಯಿರಲಿ, ಹಸುವಿಗೆ ರಜೆ ಗೊತ್ತಿಲ್ಲ. ಮುಖಂಡರಾದವರು ಮಂಡ್ಯ, ಬೆಂಗಳೂರು ಅಂತ ತಿರುಗುವಾಗ ಇವರು ಮಧ್ಯಾಹ್ನ ಮನೆಯಲ್ಲೇ ಕೂತು ಮುದ್ದೆ ಮುರಿಯುತ್ತಿದ್ದರು. 1993ರ ಗ್ರಾಮ ಪಂಚಾಯಿತಿ ಚುನಾವಣೆಗೆ ನಾಲ್ಕು ಜನ ಬಲವಂತವಾಗಿ ನಿಲ್ಲಿಸಿದರು, ಸೋತರು. ಆವತ್ತು ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿದ್ದೆ ಮಾಡಿದ್ದು ಅವರೇ ಅಂತ ದೊಡ್ಡಮ್ಮ ಈಗಲೂ ಹೇಳುತ್ತಾರೆ.

ದೊಡ್ಡಮ್ಮ ಐದಕ್ಕೇ ಕೊಟ್ಟಿಗೆಗೆ ಇಳಿಯುವವರು. ಮೂರು ಹಸು, ಒಂದು ಎಮ್ಮೆ. ಸಗಣಿ ಬಾಚಿ, ಹಿಂಡಿ ಕಲೆಸಿ, ಹಾಲು ಕರೆಯುವಷ್ಟರಲ್ಲಿ ಸ್ಕೂಲಿನ ಹೊತ್ತು. ಇಬ್ಬರು ಹೆಣ್ಣುಮಕ್ಕಳ ತಲೆ ಬಾಚುವವರು ಯಾರು? ಅಕ್ಕಂದಿರಿಬ್ಬರೂ ಬಾಚಣಿಗೆ, ಕೆಂಪು ಟೇಪು ಹಿಡಿದು ಡೈರಿಗೇ ಬರುತ್ತಿದ್ದರು. ಕೊನೆಯ ಹಾಲು ಅಳೆದು, ಕೈ ತೊಳೆದು, ದೊಡ್ಡಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಇಬ್ಬರಿಗೂ ಎರಡೆರಡು ಜಡೆ ಹೆಣೆಯುತ್ತಿದ್ದರು. ಎಷ್ಟು ಬಿಗಿ ಅಂದರೆ, ಹುಬ್ಬು ಮೇಲಕ್ಕೆ ಎಳೆದುಕೊಂಡು, ಇಬ್ಬರೂ ದಿನವೆಲ್ಲ ಏನೋ ಕಂಡು ಬೆಚ್ಚಿದವರ ಹಾಗೆ ಇರುತ್ತಿದ್ದರು.

“ಏನ್ ಸೆಕ್ರೆಟ್ರಿ, ಒಂದ್ ಮೊಳ ಹೂವಾನೂ ಮುಡಿಸ್ಬುಡಿ” ಅಂತ ಗಂಡಸರು ನಗುತ್ತಿದ್ದರು. “ತಂದ್ಕೊಡ್ಲಾ, ಮುಡಿಸ್ತೀನಿ” ಅನ್ನುತ್ತಿದ್ದರು, ಕಣ್ಣು ಜಡೆಯಿಂದ ತೆಗೆಯದೆ. ಹತ್ತು ವರ್ಷ ಊರಿನ ಗಂಡಸರೆಲ್ಲ ದಿನಾ ನೋಡಿದ್ದು ಇದನ್ನು. ಯಾವ ಭಾಷಣಕ್ಕೂ ಅಷ್ಟು ಸಲ ಜನ ಸೇರಿರಲಿಕ್ಕಿಲ್ಲ.

ಇನ್ನು ಹುಡುಗರಿಗೆ ಕಲಿಸಿದ ಕಥೆ. ಆಗೆಲ್ಲ ಹಾಲು ಟೆಸ್ಟ್ ಮಾಡುವ ಮೆಷಿನ್ ಇರಲಿಲ್ಲ. ಗಾಜಿನ ನಳಿಗೆಗೆ 10 ಎಂಎಲ್ ಆಸಿಡ್, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್ ಹಾಕಿ, ತಿರುಗಿಸಿ ಫ್ಯಾಟು ನೋಡಬೇಕು. ದೊಡ್ಡಪ್ಪನ ಯಾವ ಷರ್ಟಿಗೂ ಆಸಿಡ್ಡಿನ ತೂತು ತಪ್ಪಿದ್ದಿಲ್ಲ. ಆದರೆ ಸ್ವಂತ ಮನೆಯ ಹಾಲನ್ನು ಅವರು ಟೆಸ್ಟ್ ಮಾಡುತ್ತಿರಲಿಲ್ಲ. ನಾಳೆ ಒಬ್ಬರು ಮಾತಾಡಬಾರದು. ಅದಕ್ಕೆ ಮೂಲೆಮನೆ ಹುಡುಗನನ್ನು ಕರೆದು ಕೂರಿಸಿದರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದವನು. ಲ್ಯಾಕ್ಟೋಮೀಟರ್ ರೀಡಿಂಗ್ 28 ಇದ್ದರೆ ನಾಲ್ಕರಿಂದ ಭಾಗಿಸು, 7. ಫ್ಯಾಟು 4 ಇದ್ದರೆ ಅದರಲ್ಲಿ ಐದನೇ ಒಂದು ಭಾಗ, 0.8. ಕೂಡು, ಮೇಲೊಂದು ಚಿಲ್ಲರೆ ಸೇರಿಸು, ಎಸ್ಎನ್ಎಫ್ (ಫ್ಯಾಟು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಬಂತು. ಬೋರ್ಡಿನ ಮೇಲೆ ಅರ್ಥವಾಗದ ದಶಾಂಶ, ಯಾರದೋ ಮನೆಯ ದುಡ್ಡು ಅಂದಾಗ ತಲೆಗೆ ಹತ್ತಿತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹೀಗೆ ಊರಿನ ಅರ್ಧ ಹುಡುಗರು ಲೆಕ್ಕ ಕಲಿತದ್ದು ದೊಡ್ಡಮ್ಮನ ಹಾಲಿನ ಮೇಲೆ. “ಊರಿನ್ ಹಾಲೆಲ್ಲ ಮುಟ್ತಾರೆ, ನನ್ ಹಾಲ್ ಕಂಡ್ರೆ ಮಾತ್ರ ಮಡಿ” ಅಂತ ದೊಡ್ಡಮ್ಮನ ತಕರಾರು ಕೊನೆಯವರೆಗೂ ಇತ್ತು.

ಹೊಸ ಮೆಷಿನ್ ಬಂದಾಗ ಮಾತ್ರ ಹಠ ಮಾಡಿದರು. ಎರಡು ವರ್ಷ ಅದರ ಚೀಟಿ ನಂಬಲಿಲ್ಲ. ಯಾರಾದರೂ ಗೊಣಗಿದರೆ ಸಾಕು, ಅಟ್ಟದ ಮೇಲಿನ ಗಾಜಿನ ನಳಿಗೆ ಇಳಿಸಿ ಇನ್ನೊಮ್ಮೆ ನೋಡುತ್ತಿದ್ದರು. ಲೈನಿನಲ್ಲಿ ನಿಂತವರಿಗೆ ಸಾಕುಬೇಕಾಗುತ್ತಿತ್ತು. ಮೊಂಡತನ ಅಂದರೆ ಮೊಂಡತನವೇ.

2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುಮಾಡಿತಲ್ಲ, ಆಗ ದೊಡ್ಡಪ್ಪ ಹಿಡಿದ ಹಟ ಬೇರೆ: ಹಸು ನೋಡುವವಳು ಹೆಂಗಸು, ಡೈರಿ ಷೇರೂ ಬ್ಯಾಂಕ್ ಪಾಸ್‌ಬುಕ್ಕೂ ಅವಳ ಹೆಸರಿನಲ್ಲೇ ಇರಲಿ. ಬಟವಾಡೆ ದಿನ ಡೈರಿ ಮುಂದೆ ಜಗಳಗಳಾದವು. ಕೆಲವು ಗಂಡಸರು ತಿಂಗಳುಗಟ್ಟಲೆ ಮಾತು ಬಿಟ್ಟರು. ದೊಡ್ಡಪ್ಪ ಮೊದಲು ಬದಲಾಯಿಸಿದ್ದು ತಮ್ಮ ಮನೆಯ ಷೇರನ್ನು. ಆಮೇಲೆ ಬೀಡಿ ದುಡ್ಡಿಗೂ ದೊಡ್ಡಮ್ಮನ ಮುಂದೆ ಕೈಚಾಚಬೇಕಾಗಿ ಬಂದು, ಬೀಡಿಯೇ ಬಿಟ್ಟುಹೋಯಿತು.

ಫ್ಲೆಕ್ಸಿನವರಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ 2015ರದ್ದು. ಕಬ್ಬಿನ ಬಾಕಿ ಬಾರದೆ, ಸಾಲ ತೀರದೆ, ಮಂಡ್ಯ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ರೈತರು ಜೀವ ಕಳೆದುಕೊಂಡ ವರ್ಷ. ಯಾರ ಮನೆ ಕುಸಿಯುತ್ತಿದೆ ಅಂತ ದೊಡ್ಡಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ, ಡೈರಿ ಪುಸ್ತಕವೇ ಹೇಳುತ್ತಿತ್ತು. ದಿನಾ ಹನ್ನೆರಡು ಲೀಟರ್ ಹಾಕುವ ಮನೆ ಇದ್ದಕ್ಕಿದ್ದಂತೆ ನಾಲ್ಕಕ್ಕೆ ಇಳಿದರೆ ಹಸು ಮಾರಿದ್ದಾರೆ ಅಂತ ಅರ್ಥ, ಇಲ್ಲವೇ ಹಿಂಡಿಗೆ ದುಡ್ಡಿಲ್ಲ. ಸಂಜೆ ಹಾಲಿನ ಗಾಡಿ ಹೊರಟ ಮೇಲೆ ಆ ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದರು. ಒಬ್ಬರೇ ಅಲ್ಲ, ದೊಡ್ಡಮ್ಮನನ್ನೂ ಕರೆದುಕೊಂಡು. ಗಂಡಸು ಜಗಲಿಯಲ್ಲಿ ‘ಏನಿಲ್ಲ ಬುಡಣ್ಣ’ ಅಂದು ಮುಚ್ಚಿಟ್ಟದ್ದು ಒಳಗೆ ಒಲೆ ಮುಂದೆ ದೊಡ್ಡಮ್ಮನ ಕಿವಿಗೆ ಬೀಳುತ್ತಿತ್ತು. ದಾರಿಯಲ್ಲಿ ಇಬ್ಬರೂ ಅದನ್ನು ಕೂಡಿಸಿಕೊಂಡು ಮನೆಗೆ ಬರುತ್ತಿದ್ದರು. ಬೆಳಿಗ್ಗೆ ಹಿಂಡಿ ಮೂಟೆ ಸಾಲಕ್ಕೆ ಹೋಗುತ್ತಿತ್ತು, ಇಲ್ಲವೇ ಯಾರದೋ ಸೊಸೈಟಿ ಕಂತಿನ ಮಾತಾಗುತ್ತಿತ್ತು. ದೊಡ್ಡಮ್ಮ ಇಲ್ಲದಿದ್ದರೆ ಈ ಕೆಲಸದಲ್ಲಿ ಅರ್ಧವೂ ಆಗುತ್ತಿರಲಿಲ್ಲ. ಮನೆ ಮರೆತು ಮಾಡುವಂಥ ಕೆಲಸವೇ ಅಲ್ಲ ಅದು.

ಅವರು ಹೋದದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಅಂಗಳದ ತುಂಬ ಜನ. ಐದೂವರೆಯಾದರೂ ಹೆಂಗಸರು ಏಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಲೆದೆಸೆಯಲ್ಲಿ ಕೂತಿದ್ದ ದೊಡ್ಡಮ್ಮನೇ ತಲೆಯೆತ್ತಿ, “ಕೆಚ್ಚಲು ಕಟ್ಕೊಂಡ್ ಒದ್ದಾಡ್ತವೆ ಕಣ್ರವ್ವ, ಹೋಗಿ ಹಾಲ್ ಕರೀರಿ” ಅಂದರು.

ನಮ್ಮ ಮನೆಯ ಹಾಲು ಚಿಕ್ಕಕ್ಕ ಕರೆದಳು, ಡೈರಿಗೆ ನಾನು ಒಯ್ದೆ. ಈಗ ಅಲ್ಲಿ ಸೆಕ್ರೆಟರಿ ಆ ಮೂಲೆಮನೆ ಹುಡುಗ, ಅವನಿಗೂ ಕೂದಲು ಬೆಳ್ಳಗಾಗಿದೆ. ಮಾತಾಡದೆ ಚೀಟಿ ಹರಿದು ಕೊಟ್ಟ. ರಾತ್ರಿ ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಕೇಳಿದರು, “ಫ್ಯಾಟ್ ಎಷ್ಟ್ ಬಂತಪ್ಪ?”

“ಮೂರೂ ಒಂಬತ್ತು, ದೊಡ್ಡಮ್ಮ.”

“ಮೆಷಿನ್ನಾಗೆ ತಾನೆ? ಅವ್ರು ನಂಬ್ತಿರ್ಲಿಲ್ಲ.”