ಪುಟ್ಟ ರೈಲಿನ ಕಾಲದ ನಿಲ್ದಾಣ: ಹಳೇ ಕಟ್ಟಡ ಉಳಿಸಬೇಕೆ?

ಪರ

ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುವ ಮಾರ್ಗ ಮೈಸೂರು ಸಂಸ್ಥಾನದ ಕಾಲದಲ್ಲಿ ನ್ಯಾರೋಗೇಜ್ ಆಗಿತ್ತು. ಹಳಿಗಳ ನಡುವೆ 762 ಮಿ.ಮೀ. ಅಂತರ, ಈಗಿನ ಬ್ರಾಡ್‌ಗೇಜ್‌ನಲ್ಲಿ 1,676. ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ಗೇಜ್ ಬದಲಾದಾಗ ಹಳಿ, ಹಳಿಯಡಿಯ ಅಡ್ಡಪಟ್ಟಿ (ಸ್ಲೀಪರ್), ಎಂಜಿನ್ ಎಲ್ಲ ಹೋದವು. ಈ ಮಾರ್ಗದ ಸಣ್ಣ ನಿಲ್ದಾಣಗಳಾದ ದೊಡ್ಡಜಾಲ, ನಂದಿ ಹಾಲ್ಟ್‌ಗಳಲ್ಲಿ ಆ ಪುಟ್ಟ ರೈಲಿನ ಅಳತೆ ಹೇಳಲು ಉಳಿದದ್ದು ಕಟ್ಟಡಗಳೇ. ಟಿಕೆಟ್ ಕಿಂಡಿ ಎಷ್ಟು ಎತ್ತರ, ಸ್ಟೇಷನ್ ಮಾಸ್ಟರ್ ಕೋಣೆಯ ಕಿಟಕಿ ಹಳಿಯ ಯಾವ ದಿಕ್ಕಿಗೆ ತೆರೆಯುತ್ತದೆ, ಪಾರ್ಸೆಲ್ ಬಾಗಿಲಿನ ಅಗಲವೆಷ್ಟು: ಅಲ್ಲಿನ ದಿನಚರಿಯನ್ನು ಇವುಗಳಿಂದಲೇ ಓದಬಹುದು.

ಇಂಥ ಕಟ್ಟಡಗಳನ್ನು ಮಳೆಗಿಂತ ರಿಪೇರಿ ಹೆಚ್ಚು ಕೆಡಿಸುತ್ತದೆ. ಸುಣ್ಣದ ಗಾರೆಯ ಗೋಡೆ ಪಾಯದಿಂದ ತೇವ ಎಳೆದುಕೊಂಡು ಹೊರಮೈಯಿಂದ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಲವಣ ಕಟ್ಟುತ್ತದೆ. ಕೆಲ ಮಳೆಗಾಲಗಳಲ್ಲಿ ಪ್ಲಾಸ್ಟರ್ ಹೊಪ್ಪಳಿಕೆಯಾಗಿ ಉದುರುತ್ತದೆ, ಜತೆಗೆ ಇಟ್ಟಿಗೆಯ ಮುಖವೂ. ಮಾಡಬೇಕಾದದ್ದು ಇಷ್ಟು: ಸಿಮೆಂಟ್ ಕೆತ್ತಿ ತೆಗೆದು ಗೋಡೆ ಒಣಗಲು ಬಿಡಿ, ವಾರಕ್ಕೂ ಹೆಚ್ಚು ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ಮರಳು ಸುಮಾರು ಮೂರು ಪಾಲು ಕಲಸಿ ತೆಳು ಪದರಗಳಲ್ಲಿ ಹಚ್ಚಿ. ಒಣಗುವ ಮುನ್ನ ಬಿಸಿಲು ಬಿದ್ದರೆ ಬಿರುಕು ಖಚಿತ. ಒದ್ದೆ ಗೋಣಿ ಹೊದಿಸಿ. ಹೆಂಚು ಆಮೇಲೆ ನೋಡೋಣ ಎನ್ನಬೇಡಿ, ಸೂರು ಸೋರುತ್ತಿದ್ದರೆ ಕೆಳಗಿನ ಕೆಲಸವೆಲ್ಲ ವ್ಯರ್ಥ.

ವಿರೋಧ

ಗಾರೆಯ ಮಾತು ಸರಿ, ನೆಲಮಟ್ಟದ ಮಾತು ಎಲ್ಲಿ? ಬ್ರಾಡ್‌ಗೇಜ್‌ನ ಎತ್ತರದ ಪ್ಲಾಟ್‌ಫಾರ್ಮ್ ಹಳಿಯಿಂದ 760–840 ಮಿ.ಮೀ. ಮೇಲೇಳುತ್ತದೆ. ತಗ್ಗು ಪ್ಲಾಟ್‌ಫಾರ್ಮಿನ ಲೆಕ್ಕದಲ್ಲಿ ಕಟ್ಟಿದ ಹಳೇ ನಿಲ್ದಾಣದ ಪಕ್ಕ ಅದನ್ನು ಎತ್ತಿದರೆ ಕಟ್ಟಡ ಗುಂಡಿಯಲ್ಲಿ ಕೂರುತ್ತದೆ. ಮಳೆನೀರು ಹೊಸಿಲಿಗೇ ಬರುತ್ತದೆ. ಚರಂಡಿ ತೋಡೋಣವೆಂದರೆ ಆಳ ಸಿಗದು. ಯಾವ ಸುಣ್ಣವೂ ಇದಕ್ಕೆ ಮದ್ದಲ್ಲ.

ಬಣ್ಣ ಹೊಡೆದು ಬೀಗ ಹಾಕುವುದನ್ನೇ ನಮ್ಮಲ್ಲಿ ಸಂರಕ್ಷಣೆ ಎನ್ನುತ್ತಾರೆ. ಒಂದು ಹೆಂಚು ಜಾರಿದ್ದನ್ನು ಆ ವಾರವೇ ಯಾರೂ ಕಾಣದಿದ್ದರೆ ಹೆಂಚು ಹೊರುವ ಮರದ ಪಟ್ಟಿ (ರೀಪರ್) ಕೊಳೆಯುತ್ತದೆ, ಗೆದ್ದಲು ಏರುತ್ತದೆ. ಬಳಸುವವರಿಲ್ಲದ ಕಡೆ ಕಾಣುವವರು ಯಾರು? ಲೈಬ್ರರಿಯೋ ಅಂಚೆ ಕಚೇರಿಯೋ ನಡೆಸುತ್ತೇವೆಂದು ಒಬ್ಬರು ಬರಹದಲ್ಲಿ ಒಪ್ಪಿಕೊಳ್ಳುವ ತನಕ ಗೋಡೆಗೆ ಹಣ ಸುರಿಯಬಾರದು.

ಇತಿಹಾಸವೇ ಬೇಕಿದ್ದರೆ ಮೊದಲು ಕಾಗದ ಉಳಿಸಿ. ನಿಲ್ದಾಣದ ಹಳಿಗಳನ್ನು ತೋರಿಸುವ ಯಾರ್ಡ್ ನಕ್ಷೆ, ರೈಲ್ವೆ ಸಿಬ್ಬಂದಿಯ ವರ್ಕಿಂಗ್ ಟೈಮ್‌ಟೇಬಲ್, ದಪ್ಪ ರಟ್ಟಿನ ಟಿಕೆಟ್: ರೈಲು ಎಷ್ಟು ಹೊತ್ತು ನಿಂತಿತು, ಯಾವ ಲೂಪ್ ಲೈನಿನಲ್ಲಿ (ಪಕ್ಕದ ಹಳಿಯಲ್ಲಿ) ಇನ್ನೊಂದಕ್ಕೆ ದಾರಿ ಬಿಟ್ಟಿತು ಎಂಬುದು ಇವುಗಳಲ್ಲಿದೆ, ಗೋಡೆಯಲ್ಲಿಲ್ಲ. ಅವಧಿ ಮುಗಿದ ದಾಖಲೆಗಳು ರದ್ದಿಗೆ ಹೋಗುತ್ತವೆ. ಕಟ್ಟಡವನ್ನು ಅಳೆದು, ಜಂತಿಯ ಕೂಡುಜಾಗಗಳ ಸಮೇತ 1:50 ಪ್ರಮಾಣದಲ್ಲಿ (ಐವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ) ಬರೆದಿಟ್ಟರೆ, ಮುಂದೆ ಅದು ಬಿದ್ದರೂ ಎದ್ದರೂ ನಕ್ಷೆ ಇರುತ್ತದೆ.